ಹಾಡು ಸಾಕು, ಕೇಳಬೇಕು

"ನೀವಾ...?"

ಬಾಯಿಂದ ಬಂದೇಬಿಟ್ಟಿತ್ತು. ಅವಳು ತುಟಿ ಕಚ್ಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದವನು ಒಮ್ಮೆ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ನನ್ನನ್ನ ಕೇಳಿದ್ರಾ? ನಮಗೆ ಪರಿಚಯ ಇದೆಯಾ ಮೇಡಂ?"

ಪರಿಚಯವಂತೆ, ಪರಿಚಯ! ಹನ್ನೊಂದು ವರ್ಷದಿಂದ ಅವಳು ಬೆಳಿಗ್ಗೆ ಎದ್ದು ಶಾಪ ಹಾಕುತ್ತಿದ್ದ ಮುಖ ಅದು. ಕಿವಿಯ ಪಕ್ಕ ನಾಲ್ಕು ಕೂದಲು ನರೆತಿದ್ದವು, ಅಷ್ಟೇ.

"ಇಲ್ಲ. ಬೇರೆ ಯಾರೋ ಅಂದ್ಕೊಂಡೆ," ಎಂದಳು.

ಹಿಂದೆಯೇ ಬಂದ ಹೆಡ್ ಮೇಡಂ ವಿಷಯ ಹೇಳಿದರು. "ಇವರು ಪಿಟೀಲು ನುಡಿಸೋರು. ಅಪಘಾತದಲ್ಲಿ ಕೈಗೆ ಪೆಟ್ಟಾಗಿ ಈಗ ನುಡಿಸೋಕೆ ಆಗಲ್ಲ. ನಿಮ್ಮ ಕ್ಲಾಸಿಗೆ ಇನ್ನೊಬ್ಬರು ಬೇಕು ಅಂತಿದ್ರಲ್ಲ? ಮೂರು ವಾರ ಪಾಠ ಮಾಡ್ಲಿ. ಆಮೇಲೆ ನೀವೇ ಒಂದು ಚೀಟಿ ಬರ್ದುಕೊಡಿ. ಇವರು ಇರ್ಬೇಕೋ ಹೋಗ್ಬೇಕೋ, ನಿಮ್ಮ ಮಾತೇ ಕೊನೆ."

ಚೀಟಿ!

'ದೇವರೇ, ನೀನು ಇದ್ದೀಯಪ್ಪ!' ಎಂದುಕೊಂಡಳು.

ಅವನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅದನ್ನು ಕಂಡು ಅವಳಿಗೆ ಸಮಾಧಾನವಾಯಿತು. ಮರುಕ್ಷಣ ತನ್ನ ಮೇಲೇ ಅಸಹ್ಯವೂ ಆಯಿತು. ಆದರೆ ಸಮಾಧಾನವೇ ಹೆಚ್ಚಾಗಿತ್ತು, ಸುಳ್ಳೇಕೆ!

* * *

ಅವಳಿಗೆ ಆಗ ಹತ್ತೊಂಬತ್ತು. ದೊಡ್ಡ ಸಂಗೀತ ತಂಡವೊಂದಕ್ಕೆ ಗಾಯಕಿಯರ ಆಯ್ಕೆ ನಡೆದಿತ್ತು. ಹಾಡುವವರ ಮುಖ ಕಾಣಬಾರದೆಂದು ಪರದೆ ಕಟ್ಟಿದ್ದರು. ಹೆಸರಿಲ್ಲ, ಬರೀ ನಂಬರ್. ಅವಳದು ಹದಿನೇಳು.

ಅವಳು ಪ್ರಾಣ ಇಟ್ಟು ಹಾಡಿದಳು. ಪರದೆಯ ಕೆಳಗಿನಿಂದ ಒಂದು ಚೀಟಿ ಬಂತು. ಗುಮಾಸ್ತರು ಅದನ್ನು ಅವಳ ಕೈಗಿಟ್ಟರು.

"ಹಾಡು ಸಾಕು. ಕೇಳಬೇಕು."

ಅಷ್ಟೇ! ನೀನು ಹಾಡಿದ್ದು ಸಾಕು, ಇನ್ನು ಸುಮ್ಮನೆ ಕೂತು ಬೇರೆಯವರ ಹಾಡು ಕೇಳು...

ಗುಮಾಸ್ತರು ಏನೋ ಹೇಳುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟಿಲವರೆಗೆ ಓಡಿ ತಿರುಗಿ ನೋಡಿದರೆ, ಪರದೆ ಸರಿಸಿ ಒಬ್ಬ ಯುವಕ ಹೊರಗೆ ಬಂದಿದ್ದ. ಮುಖದ ತುಂಬ ನಗು!

'ನನ್ನ ಕೊರಳು ಕತ್ತರಿಸಿ ನಗ್ತಾನಲ್ಲ ಪಾಪಿ!'

ಅವತ್ತಿನಿಂದ ಅವಳು ಒಂದು ಸಾಲು ಹಾಡಿಲ್ಲ. ಸ್ನಾನದ ಮನೆಯಲ್ಲಿ ಕೂಡ ಗುನುಗಿಲ್ಲ. ಕೇಳಬೇಕು ತಾನೇ? ಸರಿ, ಕೇಳುವುದನ್ನೇ ಕಲಿಸುತ್ತೇನೆ ಎಂದು ಹಟ ಹಿಡಿದು ಈ ಹೈಸ್ಕೂಲಿನಲ್ಲಿ ಸಂಗೀತ ಬಾರದ ಮಕ್ಕಳಿಗೆ ಸಂಗೀತ ಕೇಳುವ ತರಗತಿ ಶುರು ಮಾಡಿದಳು. ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದಳು: 'ಇಲ್ಲಿ ಯಾರೂ ಹಾಡಬಾರದು. ಕೇಳಬೇಕು.' ಮಕ್ಕಳು ಅವಳಿಗೆ ಇಟ್ಟ ಹೆಸರು ಕಿವಿ ಟೀಚರ್.

ಆ ಚೀಟಿ ಮಾತ್ರ ಕನ್ನಡಕದ ಡಬ್ಬಿಯಲ್ಲಿ ಮಡಚಿಕೊಂಡು ಕೂತಿತ್ತು.

"ಬಂದ ಗಂಡುಗಳನ್ನೆಲ್ಲ ಬೇಡ ಅಂತೀಯಲ್ಲೇ," ಎಂದು ಅಕ್ಕ ಕಾಡುತ್ತಿದ್ದಳು. "ಆ ಚೀಟಿನೇ ಮದ್ವೆ ಆಗ್ಬಿಡು, ಪೀಡೆ ಹೋಗ್ಲಿ!"

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ಇವಳ ಹಗೆಗೆ ಹನ್ನೊಂದಕ್ಕೇ ಅವಕಾಶ ಒದಗಿತ್ತು.

* * *

ಅವಳು ಅವನಿಗೆ ಕೊಟ್ಟದ್ದು ಒಂಬತ್ತನೇ 'ಬಿ' ತರಗತಿ. ಅದೂ ಆಟದ ಪೀರಿಯಡ್ ಮುಗಿದ ಮೇಲೆ. ನಲವತ್ತೆರಡು ಮಕ್ಕಳು, ಮೈತುಂಬ ಬೆವರು, ಬಾಯಿತುಂಬ ಮಾತು. ಮುಂದಿನ ಬೆಂಚಿನಲ್ಲಿ 'ವಟವಟ' ಎಂಬ ಅಡ್ಡಹೆಸರಿನ ಹುಡುಗಿ. ನಿದ್ದೆಯಲ್ಲೂ ಮಾತಾಡುತ್ತಾಳೆಂದು ಅವಳ ತಾಯಿಯೇ ದೂರು ಕೊಟ್ಟಿದ್ದರು.

'ಹೋಗು, ಸಾಯಿ!' ಎಂದು ಅವನನ್ನು ಮನಸ್ಸಿನಲ್ಲೇ ಶಪಿಸಿ ಕಿವಿ ಟೀಚರ್ ಹಿಂದಿನ ಬೆಂಚಿನಲ್ಲಿ ಕೂತಳು.

ಅವನು ಗದರಲಿಲ್ಲ. ಕತ್ತೆತ್ತಿ ಫ್ಯಾನ್ ನೋಡುತ್ತ ನಿಂತ. ಒಂದು ನಿಮಿಷ ಕಳೆಯಿತು, ಎರಡಾಯಿತು. ಮಕ್ಕಳೂ ಒಬ್ಬೊಬ್ಬರಾಗಿ ಮೇಲೆ ನೋಡತೊಡಗಿದರು.

"ಸರ್, ಫ್ಯಾನಲ್ಲಿ ಏನಿದೆ?" ವಟವಟಳಿಗೆ ತಡೆಯಲಾಗಲಿಲ್ಲ.

"ಶ್ರುತಿ ಇದೆ. ಒಂದೇ ಸ್ವರ ಹಿಡ್ಕೊಂಡು ಬೆಳಿಗ್ಗೆಯಿಂದ ಹಾಡ್ತಿದೆ. ಪಾಪ, ಯಾರೂ ಕೇಳೋರಿಲ್ಲ."

ಮಕ್ಕಳು ನಕ್ಕರು. ಆಮೇಲೆ ನಿಜವಾಗಿಯೂ ಕೇಳಿಸಿಕೊಂಡರು!

ಅವನು ಒಂದು ಹಾಡು ಹಾಕಿದ. "ಪಲ್ಲವಿ ಅಂದ್ರೆ ಹಾಡಿನ ಮನೆ. ಹಾಡು ಮನೆ ಬಿಟ್ಟು ಊರೆಲ್ಲ ತಿರುಗುತ್ತೆ. ಮತ್ತೆ ಮನೆಗೆ ಬಂದ ತಕ್ಷಣ ಬೆಂಚು ತಟ್ಟಬೇಕು. ಮುಂಚೆ ತಟ್ಟಿದವರು ಔಟ್!"

ಕೋಣೆ ಉಸಿರು ಹಿಡಿಯಿತು. ಎಲ್ಲರಿಗಿಂತ ಮೊದಲು, ಸರಿಯಾದ ಜಾಗಕ್ಕೆ ಬೆಂಚು ತಟ್ಟಿದ್ದು ವಟವಟ. ತಟ್ಟಿದವಳು ತನ್ನ ಕೈಯನ್ನೇ ನೋಡಿಕೊಂಡಳು.

ಹಿಂದಿನ ಬೆಂಚಿನಲ್ಲಿ ಅವಳಿಗೆ ಹೊಟ್ಟೆ ಉರಿಯಿತು. ಆರು ವರ್ಷದಿಂದ ಅವಳು ಪಾಠ ಮಾಡುತ್ತಿದ್ದಾಳೆ, ಈ ಉಪಾಯ ಅವಳಿಗೇ ಹೊಳೆದಿರಲಿಲ್ಲ!

ಎರಡನೇ ವಾರ ಹಳೇ ಸ್ಪೀಕರ್ ಕೊಟ್ಟಳು. ಅದು ಕೈಕೊಟ್ಟಾಗ ಅವನು ಮಕ್ಕಳಿಂದ ಮೇಜು ತಟ್ಟಿಸಿ ತಾಳ ತೋರಿಸಿದ. ಸ್ಟಾಫ್ ರೂಮಿನಲ್ಲಿ ಅವನ ಕುರ್ಚಿಯ ಮೇಲೆ ಉತ್ತರಪತ್ರಿಕೆಗಳ ರಾಶಿ ಹಾಕಿದಳು. ಅವನು ಕಿಟಕಿಯ ಕಟ್ಟೆಯ ಮೇಲೆ ಕೂತು ಅವನ್ನೆಲ್ಲ ತಿದ್ದಿಕೊಟ್ಟ.

"ನೀವು ಇವತ್ತು ಕೋಪದಲ್ಲಿದ್ದೀರಿ," ಎಂದ ಒಂದು ದಿನ, ತಲೆ ಎತ್ತದೆ.

"ನಿಮಗೆ ಹೇಗೆ ಗೊತ್ತು?"

"ಕೋಪ ಬಂದಾಗ ನಿಮ್ಮ ಎಡಗಾಲು ಜೋರಾಗಿ ಬೀಳುತ್ತೆ. ನಾನು ಬಂದಾಗಿನಿಂದ ದಿನಾ ಬೀಳ್ತಿದೆ. ಏನ್ ತಪ್ಪು ಮಾಡ್ದೆ ಅಂತ ಹೇಳಿದ್ರೆ ತಿದ್ಕೋತೀನಿ ಮೇಡಂ."

ತನ್ನ ಹೆಜ್ಜೆಯನ್ನು ಇಷ್ಟು ಕಿವಿಗೊಟ್ಟು ಕೇಳಿದವರು ಯಾರಿದ್ದಾರೆ? ಅಕ್ಕನೂ ಇಲ್ಲ...

'ಛೀ, ಕರಗಬೇಡ! ಇವನೇ ಕಣೇ ಅವನು!'

ಆದರೆ ಮಾರನೇ ದಿನ ಅವನು ಬರುವುದು ಹತ್ತು ನಿಮಿಷ ತಡವಾಯಿತು. ಆ ಹತ್ತು ನಿಮಿಷದಲ್ಲಿ ಅವಳು ಮೂರು ಸಲ ಗೇಟಿನ ಕಡೆ ನೋಡಿದ್ದಳು. ಅದು ಗೊತ್ತಾದಾಗ ಅವಳಿಗೆ ಅವನ ಮೇಲಿಗಿಂತ ತನ್ನ ಮೇಲೇ ಸಿಟ್ಟು ಬಂತು. ಚೀಟಿ ಬರೆಯುವ ದಿನ ಬೇಗ ಬರಲಿ ಎಂದು ಹಲ್ಲು ಕಚ್ಚಿಕೊಂಡಳು.

* * *

ಮೂರನೇ ವಾರದ ಶುಕ್ರವಾರ. ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಅವಳು ಅವನನ್ನು ತರಗತಿಗೆ ಕರೆದಳು.

"ಹೆಡ್ ಮೇಡಂಗೆ ಕೊಡೋ ಚೀಟಿ. ಮೊದ್ಲು ನೀವೇ ಓದಿ."

ಮಾಡಿದ್ದುಣ್ಣೋ ಮಹರಾಯ! ಅವನ ಮುಖ ಇಂಗು ತಿಂದ ಮಂಗನ ಹಾಗಾಗುವುದನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ಅವನು ಚೀಟಿ ಬಿಡಿಸಿದ.

"ಪಾಠ ಸಾಕು. ಕೇಳಬೇಕು."

ಓದಿದ. ಇನ್ನೊಮ್ಮೆ ಓದಿದ. ಅವನ ಮುಖ... ಅರಳಿತು!

"ಅಬ್ಬಾ! ನಾನು ಫೇಲ್ ಅಂತಾನೇ ಅಂದ್ಕೊಂಡಿದ್ದೆ. ಥ್ಯಾಂಕ್ಸ್ ಮೇಡಂ! ಹಾಂ, ಕೇಳಿ."

"ಏನ್ ಕೇಳೋದು?"

"ಅದೇ, ಕೇಳಬೇಕು ಅಂತ ನೀವೇ ಬರ್ದಿದ್ದೀರಲ್ಲ! ನನ್ನನ್ನ ಏನೋ ಕೇಳ್ಬೇಕು ತಾನೇ? ಕೇಳಿ."

ಅವಳಿಗೆ ತಲೆ ಬುಡ ತಿಳಿಯಲಿಲ್ಲ.

"ನಿಮಗೂ ಈ ರೂಢಿ ಗೊತ್ತಾ?" ಅವನು ಖುಷಿಯಿಂದ ಹೇಳುತ್ತಲೇ ಇದ್ದ. "ನಮ್ಮ ತಂಡದ ಗುರುಗಳು ಆಯ್ಕೆ ಚೀಟಿಯಲ್ಲಿ ಹೀಗೇ ಬರೀತಿದ್ರು. 'ಹಾಡು ಸಾಕು' ಅಂದ್ರೆ ಇಷ್ಟು ಹಾಡಿದ್ದೇ ಸಾಕು, ಪಾಸ್. 'ಕೇಳಬೇಕು' ಅಂದ್ರೆ, ನಮ್ಮ ತಂಡಕ್ಕೆ ಬರ್ತೀರಾ ಅಂತ ಅವರನ್ನ ಕೇಳ್ಬೇಕು. ಚೀಟಿ ಸಿಕ್ಕಿದವರು ಪಕ್ಕದ ಕೋಣೆಗೆ ಹೋಗ್ಬೇಕಿತ್ತು. ಗುಮಾಸ್ತರು ಹೇಳ್ತಿದ್ರು."

ಗುಮಾಸ್ತರು ಏನೋ ಹೇಳುತ್ತಿದ್ದರು... ಅವಳು ಓಡಿದ್ದಳು.

ಅವಳು ಬೆಂಚು ಹಿಡಿದುಕೊಂಡಳು.

"ನೀವು... ಯಾರಿಗಾದ್ರೂ ಹಾಗೆ ಬರ್ದುಕೊಟ್ಟಿದ್ರಾ?"

"ಒಬ್ಬರಿಗೆ, ಒಂದೇ ಸಲ. ಅವತ್ತು ಗುರುಗಳಿಗೆ ಹುಷಾರಿರಲಿಲ್ಲ, ನನ್ನನ್ನ ಕೂರಿಸಿದ್ರು." ಅವನ ದನಿ ಇಳಿಯಿತು. "ಹದಿನೇಳನೇ ನಂಬರ್. ಆ ಕೊರಳು ಕೇಳಿ ಖುಷಿ ತಡೀಲಾರದೆ ಹೊರಗೆ ಓಡಿಬಂದೆ. ಅವರಾಗಲೇ ಮೆಟ್ಟಿಲಿಳಿದು ಹೋಗಿದ್ರು. ಪಕ್ಕದ ಕೋಣೆಯಲ್ಲಿ ಸಂಜೆವರೆಗೂ ಕಾದೆ. ಹೆಸರಿಲ್ಲ, ಮುಖ ನೋಡಿಲ್ಲ... ಎಲ್ಲಿ ಅಂತ ಹುಡುಕ್ಲಿ?"

ಹನ್ನೊಂದು ವರ್ಷ ಸಾಕಿ ಬೆಳೆಸಿದ ಸಿಟ್ಟು! ಈಗ ಅದನ್ನು ಯಾರ ತಲೆಗೆ ಕಟ್ಟಬೇಕು?

"ಪೂರ್ತಿ ಬರೆಯೋಕೆ ಏನಾಗಿತ್ತು ನಿಮಗೆ?" ಅವಳು ಕೂಗಿಯೇಬಿಟ್ಟಳು. "'ಅವರನ್ನ' ಅಂತ ಇನ್ನೊಂದು ಪದ ಬರ್ದಿದ್ರೆ ನಿಮ್ಮ ಶಾಯಿ ಖಾಲಿ ಆಗ್ತಿತ್ತಾ? ಒಂದು ಪದ ರೀ! ಒಂದು ಪದಕ್ಕೆ ನನ್ನ ಹನ್ನೊಂದು ವರ್ಷ..."

ಕನ್ನಡಕದ ಡಬ್ಬಿ ತೆರೆದು ಹಳೇ ಚೀಟಿಯನ್ನು ಅವನೆದುರು ಎಸೆದಳು.

ತನ್ನದೇ ಅಕ್ಷರ ನೋಡಿ ಅವನು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ.

"ನೀವು... ಹದಿನೇಳಾ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕಣ್ಣೂ ತುಂಬಿತ್ತು.

"ನನ್ನದೇ ತಪ್ಪು. ಬರೆಯೋಕೆ ಬಾರದೋನು ನಾನು," ಎಂದ.

"ಕೇಳೋಕೆ ಬಾರದೋಳು ನಾನು," ಎಂದಳು ಮೂಗು ಒರೆಸಿಕೊಳ್ಳುತ್ತ. "ದೊಡ್ಡ ಕಿವಿ ಟೀಚರ್! ಪಾಪ, ಆ ಗುಮಾಸ್ತರ ಒಂದು ಮಾತು ಪೂರ್ತಿ ಕೇಳಿಸ್ಕೊಳ್ಳಲಿಲ್ಲ."

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು.

"ಅವತ್ತು ಕೇಳ್ಬೇಕಿದ್ದಿದ್ದು ಒಂದು," ಎಂದ ಅವನು ಮೆಲ್ಲಗೆ. "ಈ ಮೂರು ವಾರದಲ್ಲಿ ಕೇಳ್ಬೇಕು ಅನ್ನಿಸಿದ್ದು ಇನ್ನೊಂದು. ಅದಕ್ಕೆ ತಂಡ ಬೇಕಿಲ್ಲ... ಇಬ್ಬರೇ ಸಾಕು."

ಅವಳ ಕಿವಿ ಕೆಂಪಾಯಿತು. "ಮೊದ್ಲು ಹಾಡು ಕೇಳಿ. ಉತ್ತರ ಆಮೇಲೆ."

ಹಾಡಬಾರದು ಎಂದು ಬರೆಸಿದ್ದ ಬಾಗಿಲನ್ನು ಅವಳು ಮುಚ್ಚಲೂ ಇಲ್ಲ. ಫ್ಯಾನಿನ ಶ್ರುತಿ ಹಿಡಿದು ಶುರು ಮಾಡಿದಳು. ದನಿ ಒಡೆಯಿತು, ತುಕ್ಕು ಹಿಡಿದ ಚಿಲಕದಂತೆ ಕಿರುಗುಟ್ಟಿತು. ಅವಳು ನಿಲ್ಲಿಸಲಿಲ್ಲ. ಹಾಡು ಎಲ್ಲೆಲ್ಲೋ ಎಡವಿ, ಏದುಸಿರು ಬಿಟ್ಟು, ಕೊನೆಗೆ ಪಲ್ಲವಿಗೆ ಬಂತು.

ಟಕ್.

ಅವನು ಮಡಚದ ಎರಡು ಬೆರಳಿಂದ ಬೆಂಚು ತಟ್ಟಿದ್ದ.

"ಮನೆಗೆ ಬಂತು," ಎಂದ.

ಅವಳು ಪಕ್ಕದಲ್ಲಿ ಕೂತು ಆ ಎರಡು ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

"ನಿಮಗೆ ಶಿಕ್ಷೆ ಇದೆ. ಹನ್ನೊಂದು ವರ್ಷದ್ದು, ಸುಮ್ನೆ ಬಿಡ್ತೀನಾ?"

"ಕೊಡಿ."

"ಇನ್ನು ಜೀವನಪೂರ್ತಿ ದಿನಾ ಕೂತು ನನ್ನ ಹಾಡು ಕೇಳ್ಬೇಕು."

"ಕೇಳ್ತೀನಿ."

"ಯಾವತ್ತೂ 'ಸಾಕು' ಅನ್ನೋ ಹಾಗಿಲ್ಲ."