ಕುಸುಮಳ ಬದಲಿಗೆ ಒಂದಾಳು

2025ರ ಆಗಸ್ಟ್ 4, ಸೋಮವಾರ. ಬೆಳಿಗ್ಗೆ 10.40ಕ್ಕೆ ಮದ್ದೂರಿನ ಠಾಣೆಗೆ ಬಂದ ಜಯಪ್ರಕಾಶ್ ಕುರ್ಚಿ ಎಳೆದುಕೊಳ್ಳುವ ಮೊದಲೇ ದೂರು ಹೇಳತೊಡಗಿದ. ಹೊರದೇಶಕ್ಕೆ ಮನೆಗೆಲಸದವರನ್ನು ಕಳಿಸುವ ಏಜೆಂಟ್ ಅವನು, ಪೇಟೆಬೀದಿಯಲ್ಲಿ ಆಫೀಸು. ಬೀರುವಿನಲ್ಲಿದ್ದ ಒಂದು ಪಾಸ್‌ಪೋರ್ಟ್ ಶನಿವಾರ ಕಳುವಾಗಿದೆ. ಹೊಳಲಿನ ದೀಪಿಕ ಎಂಬ ಹುಡುಗಿಯದು. ಬರುವ ಶುಕ್ರವಾರ ಅವಳು ಕುವೈತ್‌ಗೆ ಹೊರಡಬೇಕು.

"ಬೇರೆ ಏನು ಹೋಗಿದೆ?" ಸಬ್ ಇನ್‌ಸ್ಪೆಕ್ಟರ್ ಅಮೃತ ಕೇಳಿದರು.

"ಏನೂ ಇಲ್ಲ ಮೇಡಂ. ಪಕ್ಕದಲ್ಲೇ ಲ್ಯಾಪ್‌ಟಾಪ್ ಇತ್ತು, ಮುಟ್ಟಿಲ್ಲ."

"ಅವಳ ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲಿ ಯಾಕಿತ್ತು?"

"ಸೇಫ್ಟಿಗೆ."

ಹೆಡ್ ಕಾನ್‌ಸ್ಟೇಬಲ್ ಶಿವಣ್ಣ ಎಫ್ಐಆರ್‌ಗೆ ಆ ಮಾತನ್ನು ಇದ್ದದ್ದು ಇದ್ದಹಾಗೆ ಇಳಿಸಿಕೊಂಡ. ಸೇಫ್ಟಿ ಎಂದವನ ಬೀರುವಿನಲ್ಲೇ ಕಳುವಾದರೆ ಬರೆಯುವವನಿಗೂ ಒಂದಿಷ್ಟು ಖುಷಿ, ಸುಳ್ಳೇಕೆ ಹೇಳಲಿ.

11.30ಕ್ಕೆ ಸ್ಥಳ ಪಂಚನಾಮೆ. ಬೀರು ಒಡೆದಿರಲಿಲ್ಲ. ಬೀಗದ ಕೈ ಬೀಗದಲ್ಲೇ ನೇತಾಡುತ್ತಿತ್ತು. ಶನಿವಾರ ಹನ್ನೊಂದಕ್ಕೆ ಜಯಪ್ರಕಾಶ್ ಬಾಗಿಲು ತೆರೆದಿಟ್ಟೇ ವಡೆ ತಿನ್ನಲು ಹೋಗಿದ್ದ.

"ಆಗ ಒಳಗೆ ಯಾರಿದ್ದರು?"

"ಯಾರೂ ಇಲ್ಲ ಮೇಡಂ."

"ಈ ಬೆಂಚಿನ ಮೇಲೆ?"

"ಓ, ಪುಟ್ಟಮಾದಮ್ಮ. ಕೊಪ್ಪದ ಅಜ್ಜಿ. ಮೂರು ವಾರದಿಂದ ದಿನಾ ಬಂದು ಕೂತ್ಕತಾಳೆ. ಅವಳು ಲೆಕ್ಕಕ್ಕಿಲ್ಲ ಬುಡಿ."

"ಇವತ್ತು ಎಲ್ಲಿ?"

ಜಯಪ್ರಕಾಶ್ ಖಾಲಿ ಬೆಂಚು ನೋಡಿದ. ಆಮೇಲೆ ಬೀರು ನೋಡಿದ. ಅವನ ತಲೆಗೆ ಹೊಳೆಯಲು ಅರ್ಧ ನಿಮಿಷ ಹಿಡಿಯಿತು.

ಪುಟ್ಟಮಾದಮ್ಮನ ಸೊಸೆ ಕುಸುಮಳನ್ನು ಹದಿನಾಲ್ಕು ತಿಂಗಳ ಹಿಂದೆ ಇವನೇ ಕುವೈತ್‌ನ ಒಂದು ಮನೆಗೆ ಕಳಿಸಿದ್ದ. ಅಲ್ಲಿ ಬೆಳಗಿನ ಐದರಿಂದ ರಾತ್ರಿ ಹನ್ನೆರಡರವರೆಗೆ ದುಡಿತ, ವಾರದ ರಜೆಯಿಲ್ಲ, ಪಾಸ್‌ಪೋರ್ಟ್ ಮನೆಯೊಡತಿಯ ಕಪಾಟಿನಲ್ಲಿ. ಊರಿಗೆ ಕಳಿಸಿ ಎಂದು ಫೋನಿನಲ್ಲಿ ಅಳುತ್ತಾಳೆ.

"ಎರಡು ವರ್ಷದ ಅಗ್ರಿಮೆಂಟು ಮೇಡಂ. ಬದಲಿಗೆ ಒಂದಾಳು ಕೊಟ್ಟರೆ ಮಾತ್ರ ಬಿಡ್ತಾರೆ. ಅದಕ್ಕೇ ದೀಪಿಕನ್ನ ಕಳಿಸ್ತಿದ್ದೆ" ಎಂದ ಜಯಪ್ರಕಾಶ್, ಉಪಕಾರ ಮಾಡಿದವನ ಗತ್ತಿನಲ್ಲಿ.

ಮಧ್ಯಾಹ್ನ 1.05ಕ್ಕೆ ಜೀಪು ಕೊಪ್ಪ ತಲುಪಿತು. ಗದ್ದೆಯಲ್ಲಿ ಏಳು ಹೆಂಗಸರು ಬಗ್ಗಿ ನಾಟಿ ಹಾಕುತ್ತಿದ್ದರು.

"ಪುಟ್ಟಮಾದಮ್ಮ ಯಾರು?"

"ನಾನೇ ಕಣವ್ವ. ಇದೊಂದು ಸಾಲು ಮುಗುಸ್ಬುಟ್ಟು ಬತ್ತೀನಿ, ತಡಿ."

ಪೊಲೀಸರು ಬದುವಿನ ಮೇಲೆ ಒಂಬತ್ತು ನಿಮಿಷ ಕಾದರು. ಶಿವಣ್ಣ ಅದನ್ನೂ ದಾಖಲಿಸಿದ. ಅರವತ್ತು ದಾಟಿದ ಮುದುಕಿ ಕೆಸರುಗಾಲಲ್ಲೇ ಮೇಲೆ ಬಂದಳು.

"ಪಾಸ್‌ಪೋರ್ಟ್ ತಗೊಂಡಿದ್ದು ನೀವಾ?"

"ಊಂ ಕಣವ್ವ, ನಾನೇ ಎತ್ಕಂಡೆ."

ಶಿವಣ್ಣ ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಏಳೆಂಟು ಪ್ರಶ್ನೆಗಳು ಹಾಗೇ ದಂಡವಾದವು.

"ಯಾಕೆ?"

"ನಾನ್ ಓಗಕ್ಕೆ. ಸುಕ್ರುವಾರ ತಾನೆ ಇಮಾನ?"

ಅವಳ ಲೆಕ್ಕಾಚಾರ ಗದ್ದೆಯದು. ಕೊಪ್ಪದಲ್ಲಿ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮ ಗದ್ದೆಗೆ ಬಂದರೆ, ನಾಳೆ ನಮ್ಮ ಮನೆಯಿಂದ ಒಬ್ಬರು ನಿಮ್ಮದಕ್ಕೆ. ಸೊಸೆಗೆ ಹುಷಾರಿಲ್ಲದಿದ್ದರೆ ಅತ್ತೆ ಹೋಗುತ್ತಾಳೆ, ಯಾರೂ ತಕರಾರು ತೆಗೆಯುವುದಿಲ್ಲ. ಕುವೈತ್ ಕೂಡ ಇದೇ ಲೆಕ್ಕದಲ್ಲಿ ನಡೆಯುತ್ತದೆಂದು ಅವಳು ತಿಳಿದಿದ್ದಳು.

"ನಮ್ಮನೆ ಮುಯ್ಯಿಗೆ ಯಾರ್ದೋ ಎಣ್ಮಗ ಯಾಕವ್ವ ಓಗ್ಬೇಕು? ನಮ್ಮನೆ ಆಳು ನಾನಿಲ್ವಾ?"

"ಅಮ್ಮಾ, ಆ ಪಾಸ್‌ಪೋರ್ಟಲ್ಲಿರೋದು ದೀಪಿಕಳ ಫೋಟೊ."

"ಮುಯ್ಯಾಳಿಗೆ ಮಕ ನೋಡ್ತಾರಾ? ಕೆಲ್ಸ ನೋಡ್ತಾರೆ."

ಶಿವಣ್ಣ ಕೆಮ್ಮುವ ನೆಪದಲ್ಲಿ ಆಚೆ ತಿರುಗಿದ. ನಗು ಅಮೃತ ಅವರಿಗೂ ಬಂದಿತ್ತು, ಅರ್ಧದಲ್ಲೇ ನಿಂತಿತು. ಮುದುಕಿ ಎಲೆಅಡಿಕೆ ಚೀಲದಿಂದ ಪಾಸ್‌ಪೋರ್ಟ್ ತೆಗೆದಳು, ಒದ್ದೆಯಾಗದಂತೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದಳು. ಬಟ್ಟೆ ಗಂಟು ಕಟ್ಟಿಟ್ಟಾಗಿತ್ತಂತೆ, ರಾಗಿಹಿಟ್ಟೂ ಬೀಸಿಸಿ ಆಗಿತ್ತಂತೆ. ಊರಲ್ಲಿ ಎರಡು ಮುಯ್ಯಿ ಬಾಕಿ ಇತ್ತು, ಅದನ್ನು ತೀರಿಸಿ ಹೋಗೋಣವೆಂದು ನಾಟಿಗೆ ಇಳಿದಿದ್ದಳು.

"ಅಲ್ಲಿ ನಿಮ್ಮನ್ನೂ ಹಾಗೇ ದುಡಿಸಿದರೆ?"

"ನಂದೇನು, ಅರ್ದ ಆಯುಸ್ಸು ಮುಗ್ದದೆ. ಆ ಎಣ್ಮಗ ಇನ್ನೂ ಎಳೇದು ಕಣವ್ವ."

"ಇದು ಮುಯ್ಯಿ ಅಲ್ಲ ಅಮ್ಮ. ಬದಲಿ ಆಳು ಯಾರೂ ಕೊಡಬೇಕಿಲ್ಲ. ಕುಸುಮಳ ಒಪ್ಪಿಗೆಯಿಲ್ಲದೆ ಅವಳ ಪಾಸ್‌ಪೋರ್ಟ್ ಇಟ್ಟುಕೊಳ್ಳೋಕೆ ಅಲ್ಲಿನ ಕಾನೂನೂ ಒಪ್ಪಲ್ಲ."

ಪುಟ್ಟಮಾದಮ್ಮ ಕಾಲಿನ ಕೆಸರನ್ನು ಬದುವಿನ ಹುಲ್ಲಿಗೆ ಒರೆಸಿಕೊಂಡಳು.

"ಅಂಗಾದ್ರೆ ಅವ್ನು ನನ್ನ ಮೂರು ವಾರ ಯಾಕ್ ಕೂರುಸ್ದ?"

ಜಪ್ತಿ ಪಂಚನಾಮೆಗೆ ನಾಟಿಯ ಹೆಂಗಸರೇ ಪಂಚರು. ಕಾಗದದ ಅಂಚಿಗೆಲ್ಲ ಕೆಸರು ಹತ್ತಿತು. ಆರೋಪಿಗೆ ನೋಟಿಸ್ ಕೊಟ್ಟು, ಕರೆದಾಗ ಬರಬೇಕೆಂದರು. "ಬಸ್ಸಿಲ್ದಿದ್ರೆ ಜೀಪ್ ಕಳ್ಸಿ" ಎಂದಳು ಆರೋಪಿ.

ಅಂದು ಸಂಜೆಯೇ ಅಮೃತ ಬೆಂಗಳೂರಿನ ವಲಸಿಗರ ರಕ್ಷಣಾಧಿಕಾರಿಗೂ ಕುವೈತ್‌ನ ಭಾರತೀಯ ರಾಯಭಾರ ಕಚೇರಿಗೂ ಬರೆದರು. ಜಯಪ್ರಕಾಶನಿಗೆ ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರು. ಕಳುವಿನ ಪ್ರಗತಿ ಕೇಳಲು ಅವನು ದಿನಾ ಠಾಣೆಗೆ ಬಂದ, ಪಾಪ, ತಾನೇ ಆಟೊ ಚಾರ್ಜ್ ಹಾಕಿಕೊಂಡು.

ಆಗಸ್ಟ್ 8, ಶುಕ್ರವಾರ, ಮಧ್ಯಾಹ್ನ 2.30. ರಾಯಭಾರ ಕಚೇರಿಯವರು ಆ ಮನೆಯಿಂದ ಬಿಡಿಸಿ ತಮ್ಮ ಆಶ್ರಯಧಾಮಕ್ಕೆ ಕರೆತಂದಿದ್ದ ಕುಸುಮ ವಿಡಿಯೊ ಕರೆಯಲ್ಲಿ ಹೇಳಿಕೆ ಕೊಟ್ಟಳು. ಕೊನೆಗೆ, ಠಾಣೆಯಲ್ಲಿ ಕೂತಿದ್ದ ಅತ್ತೆಗೆ ತನ್ನ ಪಾಸ್‌ಪೋರ್ಟ್ ಎತ್ತಿ ತೋರಿಸಿ, "ಅತ್ತೆ, ಕೈಗೆ ಬಂತು" ಎಂದಳು.

"ಉಂಡೇನವ್ವ?" ಎಂದು ಕೇಳಿದಳು ಪುಟ್ಟಮಾದಮ್ಮ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು.

3.40ಕ್ಕೆ ಎಂದಿನಂತೆ ಜಯಪ್ರಕಾಶ್ ಬಂದ.

"ಏಜೆನ್ಸಿ ನೋಂದಣಿ ತೋರಿಸಿ."

"ಅರ್ಜಿ ಹಾಕಿದೀನಿ ಮೇಡಂ."

"ಯಾವಾಗ?"

"ಹಾಕಬೇಕು."

"ಕುಸುಮಳ ವಯಸ್ಸು?"

"ಇಪ್ಪತ್ತೇಳು. ಎಂಟನೇ ಕ್ಲಾಸು."

"ಹತ್ತನೇ ಕ್ಲಾಸು ಪಾಸಾಗದ ಹೆಂಗಸರು ಅಲ್ಲಿಗೆ ಮನೆಗೆಲಸಕ್ಕೆ ಹೋಗಲು ಮೂವತ್ತು ತುಂಬಿರಬೇಕು. ಸರ್ಕಾರದ ವಲಸೆ ಅನುಮತಿ ಬೇಕು. ಗೊತ್ತಿಲ್ವಾ?"

"ಗೊತ್ತಿತ್ತು ಮೇಡಂ. ಅದಕ್ಕೇ ಯಾರಿಗೂ ಹೇಳಲಿಲ್ಲ."

ವಂಚನೆ ಮತ್ತು ವಲಸೆ ಕಾಯ್ದೆಯಡಿ ಎರಡನೇ ಎಫ್ಐಆರ್ ಆಯಿತು. ಮೊದಲನೆಯದರ ದೂರುದಾರನೇ ಇದರ ಆರೋಪಿ. "ವಿಳಾಸ ಅದೇ ತಾನೆ?" ಎಂದು ಶಿವಣ್ಣ ಬಹಳ ವಿನಯದಿಂದ ಕೇಳಿದ. 4.15ಕ್ಕೆ ದಸ್ತಗಿರಿ.

ಹೇಳಿಕೆ ಬರೆಸುವಾಗ ಜಯಪ್ರಕಾಶ್ ಯಾರೂ ಕೇಳದೆಯೇ ಹೇಳಿದ. ಅವನೂ ಕುವೈತ್‌ನ ಒಂದು ಮನೆಯಲ್ಲಿ ಒಂಬತ್ತು ವರ್ಷ ಡ್ರೈವರ್ ಆಗಿದ್ದವನು. ಅವನ ಪಾಸ್‌ಪೋರ್ಟೂ ಅವರ ಕಪಾಟಿನಲ್ಲೇ ಇತ್ತು. 2018ರಲ್ಲಿ ತಾಯಿ ತೀರಿಕೊಂಡಾಗ ಬದಲಿ ಆಳು ಕೊಟ್ಟು ಹೋಗು ಎಂದರು. ಕೊಡಲು ಯಾರೂ ಇರಲಿಲ್ಲ.

"ಮಣ್ಣಿಗೂ ಬರಕ್ಕಾಗಲಿಲ್ಲ. ಅದೇ ರೂಲ್ಸು ಅಂದ್ಕಂಡಿದ್ದೆ."

ಸಹಿ ಹಾಕಲು ಪೆನ್ನು ಹಿಡಿದವನು ತಲೆ ಎತ್ತಿದ.

"ಮೇಡಂ, ಆವಾಗ ನಾನು ಅವರನ್ನ ಕೇಳದೇನೇ ಬರಬಹುದಿತ್ತಾ?"

"ರಾಯಭಾರ ಕಚೇರಿಗೆ ಹೋಗಿದ್ದರೆ ಬರಬಹುದಿತ್ತು."

ಜಯಪ್ರಕಾಶ್ ತುಂಬಾ ಹೊತ್ತು ಸಹಿ ಹಾಕಲಿಲ್ಲ. ಶಿವಣ್ಣ ಅವಸರ ಮಾಡಲಿಲ್ಲ.