ಮನೆ ಮಂದಿಗೆ ಅತ್ತರಿಲ್ಲ

"ಬಟ್ಟಲಾ ಇಲ್ಲ," ಎನ್ನುತ್ತ ವಿಮಲಾಬಾಯಿ ದೇವರ ಕೋಣೆಯಿಂದ ಹೊರಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

ಅದು ಬೆಳ್ಳಿಯ ಗಂಧದ ಬಟ್ಟಲು. ಅವರ ಮದುವೆಗೆ ಎದುರುಮನೆಯ ಕುಲಸುಮಬಿಯ ಅತ್ತೆ ಕೊಟ್ಟ ಉಡುಗೊರೆ. ಸವಣೂರಿನ ನಮ್ಮ ಓಣಿಯ ಇತಿಹಾಸ ಹೇಳುತ್ತ ಜನರನ್ನು ಮನೆಮನೆಗೆ ಕರೆದೊಯ್ಯುವ ಭಾನುವಾರದ ನಡಿಗೆಯಲ್ಲಿ ಅದನ್ನು ತಪ್ಪದೆ ತೋರಿಸುತ್ತಿದ್ದರು. ನಡಿಗೆ ನಡೆಸುವವನು ಕುಲಸುಮಬಿಯ ಮೊಮ್ಮಗ ಇನಾಯತ. ಅಂದು ಬಂದಿದ್ದವರು ಶಿಗ್ಗಾಂವಿಯ ತಸ್ಲೀಮಾ, ಹಿರೇಕೆರೂರಿನ ಮಾಸ್ತರ ಉಳಿವೆಪ್ಪ ಮತ್ತು ವಿಮಲಾಬಾಯಿಯ ಭಾವನ ಮಗ ರಘುವೀರ. ಈಗ ಹಾವೇರಿಯಲ್ಲಿದ್ದರೂ ಇದೇ ಮನೆಯಲ್ಲಿ ಬೆಳೆದವನು. ಜೊತೆಗೆ ನಮ್ಮ ಓಣಿಯ ವಕೀಲೆ ಉಮೈಮಾ ಮತ್ತು ಅವರ ಗುಮಾಸ್ತ ಗುರುರಾಜ, ಅಂದರೆ ನಾನು. ಓಣಿಯ ಗಂಟುಗಳನ್ನು ಬಿಡಿಸುವುದು ಅವರು, ಫೈಲು ಹೊರುವುದು ನಾನು.

ನಡಿಗೆ ಕುಲಸುಮಬಿಯ ಮನೆಯಿಂದ ಶುರುವಾಗಿತ್ತು. ಜಮಖಾನದ ಮೇಲೆ ಕುಳಿತ ಮೂವರ ಮುಂಗೈಗೂ ಆಕೆ ಅತ್ತರು ಹಚ್ಚಿದರು. ರಘುವೀರ ಹೊಸ ಬಿಳಿ ಕಾಲುಚೀಲದ ಕಾಲು ಚಾಚಿಕೊಂಡೇ ಕೈ ಕೊಟ್ಟ. ಆಸೆಬುರುಕನಾದ ನಾನೂ ಕೈ ಚಾಚಿದೆ.

"ಅದು ಬಂದ ಮಂದಿಗೆ, ಗುರುರಾಯರ. ಮನಿ ಮಂದಿಗೆ ಅತ್ತರ ಯಾಕರಿ?" ಎಂದು ನಕ್ಕರು.

ಆಮೇಲೆ ವಿಮಲಾಬಾಯಿಯ ಮನೆಯಲ್ಲಿ ಪಾನಕ ಕುಡಿದು ಎಲ್ಲರೂ ಅಲ್ಲಲ್ಲಿ ಚದುರಿ ಕಂಬ, ಕೆತ್ತನೆ ನೋಡುತ್ತಿದ್ದಾಗಲೇ ಬಟ್ಟಲು ಕಾಣೆಯಾದದ್ದು.

"ದೇವರ ಕೋಣ್ಯಾಗ ಅತ್ತರಿನ ವಾಸನಿ ಅದ," ಎಂದ ವಿಮಲಾಬಾಯಿ ಇನಾಯತನತ್ತ ತಿರುಗಿದರು. "ಇನ್ನ ಈ ಹೊಸ್ತಿಲಾ ತುಳೀಬ್ಯಾಡ."

ಕಂಡವರನ್ನು ಒಳಗೆ ಬಿಡಬೇಡ ಎಂದು ತಾನು ಮೊದಲೇ ಹೇಳಿದ್ದೆ ಎನ್ನುತ್ತ ರಘುವೀರ ಪೊಲೀಸರಿಗೆ ಫೋನು ಮಾಡಲು ಹೊರಟ. ಕಳ್ಳನೆಂಬ ಹೆಸರು ಒಮ್ಮೆ ಅಂಟಿದರೆ ಇನಾಯತನಿಗೆ ಯಾವ ಮನೆಯ ಬಾಗಿಲು ತೆರೆಯುತ್ತದೆ? ನನಗೆ ಸಿಟ್ಟು ನೆತ್ತಿಗೇರಿತು. ಉಮೈಮಾ ಮಾತ್ರ ಫೋನು ತಡೆದು, ಒಳಗೆ ನೋಡಿ ಬರಲು ನನ್ನನ್ನು ಕಳಿಸಿದರು. ದೇವರ ಕೋಣೆಯ ಮುಂದೆ ಒದ್ದೆ ಹೆಜ್ಜೆಗಳಿದ್ದವು. ಅಡುಗೆಮನೆಯ ಹಿಂದಿನ ಬಚ್ಚಲಿನಲ್ಲಿ ಚೊಂಬು ಇನ್ನೂ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿದ ಮೇಲೆ ತಾವು ಅತ್ತ ಹೋಗಿಲ್ಲವೆಂದರು ವಿಮಲಾಬಾಯಿ.

ಉಮೈಮಾ ಕುಲಸುಮಬಿಯನ್ನೂ ಕರೆಸಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು.

"ವಾಸನಿ ಖರೆ," ಎಂದರು. "ಆದ್ರ ಇನಾಯತನ ಕೈ ಮೂಸಿ ನೋಡ್ರಿ. ಅಂವ ಮನಿ ಹುಡುಗ, ಅವಂಗ ಅತ್ತರ ಹಚ್ಚಿಲ್ಲ. ಒಳಗ ಹೋದವ್ರು ಬಂದ ಮಂದಿ."

"ನಿಮ್ಮವನಂತ ಬಿಡಿಸಾಕತ್ತೀರಿ," ಎಂದ ರಘುವೀರ.

ಉಮೈಮಾ ಅದನ್ನು ಕಿವಿಗೆ ಹಾಕಿಕೊಳ್ಳದೆ ಲೆಕ್ಕ ಬಿಡಿಸಿದರು. ಬಂದವರು ಮೂವರು. ಆದರೆ ಕಳ್ಳ ಕದಿಯುವ ಮೊದಲು ಅಡುಗೆಮನೆಯ ಹಿಂದಿನ ಬಚ್ಚಲು ಹುಡುಕಿ ಕಾಲು ತೊಳೆದಿದ್ದಾನೆ. ಹೊರಗಿನವರಿಗೆ ಆ ಬಚ್ಚಲು ಎಲ್ಲಿದೆಯೆಂಬುದೇ ಗೊತ್ತಿಲ್ಲ.

"ಕಾಲು ತೊಳೀಲಾರದ ದೇವರ ಕೋಣಿಗೆ ಹೋಗಬಾರ್ದು ಅಂತ ಸಣ್ಣಂವಿದ್ದಾಗ ಕಲ್ತಾಂವ, ಕದಿಯಾಕ ಹೋದಾಗೂ ತೊಳಕೊಂಡಾನ. ರಘುವೀರ, ನಿಮ್ಮ ಕಾಲಚೀಲ ಎಲ್ಲಿ?"

ಎಲ್ಲರೂ ಅವನ ಬರಿಗಾಲು ನೋಡಿದರು. ಅವನ ಹೆಗಲಿನ ಚೀಲವನ್ನು ಬಿಚ್ಚಿದವನು ನಾನೇ. ಬಿಳಿ ಕಾಲುಚೀಲದೊಳಗೆ ಬಟ್ಟಲಿತ್ತು.

"ಯಾಕೋ?" ಎಂದರು ವಿಮಲಾಬಾಯಿ.

"ಈ ನಡಿಗಿ ನಿಲ್ಲಬೇಕಿತ್ತು, ಕಾಕು. ಅವ್ರೆಲ್ಲಾ ನಮ್ಮ ಮನ್ಯಾಗ..." ಎಂದ. ಬಟ್ಟಲು ಸಿಕ್ಕ ಸಂತೋಷ ಯಾರ ಮುಖದಲ್ಲೂ ಇರಲಿಲ್ಲ. ಕುಲಸುಮಬಿ ಮೊಮ್ಮಗನ ಕೈ ಹಿಡಿದು ಎದ್ದು ಹೋದರು.

ಸಂಜೆ ವಿಮಲಾಬಾಯಿ ನನ್ನನ್ನು ಜೊತೆಗೆ ಕರೆದುಕೊಂಡು ಓಣಿ ದಾಟಿದರು. ತಪ್ಪಾಯಿತು ಎಂದು ಇನಾಯತನಿಗೆ ಕೈಮುಗಿದರು. ಅವನು ಹಾಗೆಲ್ಲ ಮಾಡಬೇಡಿರೆಂದು ಹೇಳಿ ತಲೆ ತಗ್ಗಿಸಿದ. ನಲವತ್ತು ವರ್ಷ 'ಬಾ ವಿಮಲಾ' ಎನ್ನುತ್ತಿದ್ದ ಕುಲಸುಮಬಿ ಎದ್ದು ನಿಂತರು.

"ಬರ್ರಿ, ಕುಂಡ್ರಿ," ಎಂದು ಜಮಖಾನ ಹಾಸಿದರು. ಬಿರುಸಾದ ಒಂದು ಮಾತೂ ಆಡಲಿಲ್ಲ. ಅತ್ತರಿನ ಶೀಷೆ ತಂದು, ವಿಮಲಾಬಾಯಿಯ ಮುಂಗೈ ಹಿಡಿದು ಹಚ್ಚಿದರು.