ಎಪ್ಪತ್ತೇಳೂವರೆ ಗಿಡ

ಯಾರೋ ಅದು, ಗ್ರೂಪಲ್ಲಿ "ಸ್ಪಾಸ್ ತಾತಂಗೆ ಅರಳುಮರಳು, ಕೇಳಿಸ್ಕೊಬೇಡಿ" ಅಂತ ಹಾಕಿದ್ದು? ನಿಮ್ಮಪ್ಪಂದಿರ ಹೆಸರು ನೀವು ಮರೆತ್ರೂ ನಾನು ಮರೆಯೋನಲ್ಲ. ಇಪ್ಪತ್ತೆರಡು ವರ್ಷ ಆಯ್ತು, ನೆವೆನಾಳ ಸ್ಯಾಂಪಲ್ ನಂಬರ್ ಇವತ್ತೂ ಹೇಳ್ತೀನಿ. ನಾನೂರ ಹದಿನೇಳು. ಬಾಯ್ಮುಚ್ಕೊಂಡು ಕೇಳಿ.

ಆಗ ನಾನು ಪ್ಲೊವ್‌ದಿವ್ ಊರಿನ ಒಂದು ಆಸ್ಪತ್ರೆ ಲ್ಯಾಬಲ್ಲಿದ್ದೆ. ಕಿಡ್ನಿ ಕಸಿ ಮಾಡಿಸ್ಕೊಂಡೋರ ಉಚ್ಚೆ ನೋಡೋ ಕೆಲಸ. ಮೂಗು ಮುರೀಬೇಡಿ, ನನ್ನ ಪ್ರೀತಿ ಶುರುವಾಗಿದ್ದೇ ಅದರಿಂದ.

ನೆವೆನಾ ಟ್ರಾಲಿಬಸ್ ಡ್ರೈವರ್. ನಲವತ್ತಾರು ವಯಸ್ಸು. ಅವಳಮ್ಮ ಕೊಟ್ಟ ಕಿಡ್ನಿ ಹಾಕಿ ಎರಡು ತಿಂಗಳಾಗಿತ್ತು. ಆಸ್ಪತ್ರೆ ಡಬ್ಬಿ ಒಡೆದೋಯ್ತು ಅಂತ ತೊಳೆದ ಜಾಮ್ ಬಾಟ್ಲಿಲಿ ತಂದಿದ್ಳು. ಏಪ್ರಿಕಾಟ್ ಲೇಬಲ್ ಹಾಗೇ ಇತ್ತು.

"ಇದೇನಮ್ಮಾ, ಬ್ರೆಡ್ಡಿಗೆ ಹಚ್ಕೊಳ್ಳೋದಾ?" ಅಂದೆ.

"ಹಸಿವಾಗಿದ್ರೆ ಹಚ್ಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ."

ನಗಲಿಲ್ಲ. ಎಡಗಡೆ ಹುಬ್ಬು ಮಾತ್ರ ಕೂದಲೆಳೆಯಷ್ಟು ಮೇಲೆ ಹೋಯ್ತು. ಐವತ್ತೆರಡರ ಕೋಣ ನಾನು, ಆ ಹುಬ್ಬಿಗೇ ಬಿದ್ದೆ.

ಆಮೇಲೆ ಪ್ರತಿ ಮಂಗಳವಾರ ಬಂದ್ಳು. ಬಾಟ್ಲಿ ಕೊಡೋವಾಗ ಬೇಕಂತಲೇ ಬೆರಳು ಬಿಡ್ತಿರಲಿಲ್ಲ.

"ಅಷ್ಟು ಕಣ್ಣಿಟ್ಟು ಅದರಲ್ಲಿ ಏನು ಹುಡುಕ್ತೀಯ?"

"ಗ್ರಾನ್‌ಝೈಮ್ ಅಂತ ಒಂದು ಎಂಜೈಮು. ನಿನ್ನ ಮೈಯೊಳಗೆ ಕಾವಲುಗಾರರಿದ್ದಾರೆ. ಹೊರಗಿನ ಜೀವಕೋಶ ಕಂಡ್ರೆ ಅದರ ಗೋಡೆಗೆ ತೂತು ಹೊಡೆದು ಇದನ್ನ ಒಳಗೆ ಬಿಡ್ತಾರೆ. ಇದು ಹೋಗಿ 'ಸಾಯಿ' ಅನ್ನುತ್ತೆ. ಅದು ಸಾಯುತ್ತೆ."

"ನಮ್ಮಮ್ಮ ಹೊರಗಿನೋಳಾ?"

"ಕಾವಲುಗಾರರಿಗೆ ಅಮ್ಮ ಗಿಮ್ಮ ಗೊತ್ತಾಗಲ್ಲ. ಅದಕ್ಕೇ ಮಾತ್ರೆ ಕೊಟ್ಟು ಮಲಗಿಸಿಟ್ಟಿರೋದು."

"ನೀನೂ ಹೊರಗಿನೋನೇ. ನಿನಗ್ಯಾಕೆ ಇನ್ನೂ ತೂತು ಬಿದ್ದಿಲ್ಲ?"

ಬಿದ್ದಾಗಿತ್ತು, ಹೇಳಲಿಲ್ಲ ಅಷ್ಟೆ.

ಜೂನಲ್ಲಿ ಅವಳು ಮಂಕಾದ್ಳು. ನಿದ್ದೆ ಇಲ್ಲ. ಮತ್ತೆ ಬಸ್ಸು ಓಡಿಸೋಕೆ ಬಿಡಲ್ವೇನೋ ಅನ್ನೋ ಚಿಂತೆ. ಮದುವೆ ಮಾತು ತೆಗೆದ್ರೆ, "ನಾನು ನಕ್ಕ ದಿನ ಕೇಳು" ಅನ್ನೋಳು.

ಅಷ್ಟರಲ್ಲಿ ಎನ್ಯೋವ್‌ದೆನ್ ಹಬ್ಬ ಬಂತು. ಅವತ್ತು ಸೂರ್ಯ ಹುಟ್ಟೋ ಹೊತ್ತಿಗೆ ಕಿತ್ತ ಗಿಡಕ್ಕೆ ಎಲ್ಲಿಲ್ಲದ ಶಕ್ತಿ. ಎಪ್ಪತ್ತೇಳೂವರೆ ರೋಗಕ್ಕೆ ಎಪ್ಪತ್ತೇಳೂವರೆ ಗಿಡ ಅನ್ನೋಳು ನಮ್ಮಜ್ಜಿ. ಆ ಅರ್ಧ ಇರೋದು ಹೆಸರಿಲ್ಲದ ರೋಗಕ್ಕೆ. ನೆವೆನಾದು ಅದೇ ಅಂದ್ಕೊಂಡೆ. ಇಬ್ಬನಿಯಲ್ಲಿ ಮೊಣಕಾಲ ತನಕ ನೆಂದು, ಬೆಟ್ಟದಲ್ಲಿ ಕಂತಾರಿಯೋನ್ ಅನ್ನೋ ಹಳದಿ ಹೂವಿನ ಗಿಡ ಕಿತ್ತು ತಂದೆ. ಮನಸ್ಸು ಕುಗ್ಗಿದೋರಿಗೆ ನಮ್ಮಲ್ಲಿ ಕುಡಿಸೋದೇ ಅದನ್ನ.

"ಡಾಕ್ಟರಿಗೆ ಕೇಳ್ಲಾ?" ಅಂದ್ಳು.

"ಟೀ ಕುಡಿಯೋಕೆ ಯಾರಾದ್ರೂ ಡಾಕ್ಟರಿಗೆ ಕೇಳ್ತಾರೇನೇ?"

ಕುಡಿದ್ಳು. ದಿನಾ ಎರಡು ಕಪ್ಪು. ಹತ್ತನೇ ದಿನ ನಕ್ಕಳು ಕಣ್ರೋ, ಹಲ್ಲು ಕಾಣೋ ಹಾಗೆ! "ಈಗ ಕೇಳು" ಅಂದ್ಳು. ಕೇಳ್ದೆ. "ಹೂಂ" ಅಂದ್ಳು.

ಅದಾದ ಎರಡನೇ ಮಂಗಳವಾರ ನಾನೂರ ಹದಿನೇಳರ ಗ್ರಾನ್‌ಝೈಮ್ ಏರಿತ್ತು. ಯಂತ್ರ ಕೆಟ್ಟಿದೆ ಅಂತ ಮತ್ತೆ ಮಾಡಿದೆ. ಮತ್ತೂ ಮಾಡಿದೆ. ಯಂತ್ರ ಸರಿಯಿತ್ತು. ಕಾವಲುಗಾರರು ಎದ್ದಿದ್ರು.

ರಕ್ತದಲ್ಲಿ ಮಾತ್ರೆಯ ಅಂಶ ಇರಬೇಕಾದ್ದರ ಅರ್ಧಕ್ಕಿಂತ ಕೆಳಗೆ. ಡಾಕ್ಟರು ಕೂಗಾಡಿದ್ರು. "ಮಾತ್ರೆ ನುಂಗದೆ ಎಸೆದ್ಯೇನಮ್ಮಾ?"

"ಒಂದೂ ಬಿಟ್ಟಿಲ್ಲ, ಅಮ್ಮನಾಣೆ" ಅಂದ್ಳು. ಯಾರೂ ನಂಬಲಿಲ್ಲ.

ನಾನು ನಂಬಿದೆ. ಅದಕ್ಕೇ ಲೈಬ್ರರಿಲಿ ಕೂತು ಹೊರದೇಶದ ಪತ್ರಿಕೆಗಳನ್ನ ತಡಕಾಡಿದೆ. ಒಂದು ಪುಟದಲ್ಲಿ ಸಿಕ್ತು. ಆ ಹಳದಿ ಹೂವು ಲಿವರಲ್ಲಿರೋ ಬೇರೆ ಎಂಜೈಮುಗಳನ್ನ ಕೆಣಕುತ್ತಂತೆ, ಅವು ಕಸಿಯ ಮಾತ್ರೆನ ಸುಟ್ಟು ಹಾಕ್ತವಂತೆ. ಓಡಿ ಹೋಗಿ ಡಾಕ್ಟರಿಗೆ ಹೇಳ್ದೆ. ಟೀ ನಿಲ್ತು. ದೊಡ್ಡ ದೊಡ್ಡ ಇಂಜೆಕ್ಷನ್ ಚುಚ್ಚಿದ್ರು. ಆಗಸ್ಟಲ್ಲಿ ಕಿಡ್ನಿನೂ ನಿಂತೋಯ್ತು.

ಡಯಾಲಿಸಿಸ್ ಹಾಸಿಗೆ ಪಕ್ಕ ನಿಂತು ಹೇಳ್ದೆ. "ಅದನ್ನ ಕೊಂದಿದ್ದು ನಾನು ಕಣೇ. ಆ ಟೀ."

ರಕ್ತ ಓಡೋ ಪೈಪು ನೋಡ್ತಾ ಅಂದ್ಳು:

"ಅಮ್ಮನಿಗೆ ಹೇಳ್ಬೇಡ. ಮಾತ್ರೆ ಮರೆತೆ ಅಂತೀನಿ. ನನ್ನ ಬೈಯೋದು ಅವಳಿಗೆ ಅಭ್ಯಾಸ. ನಿನಗೆ ಶಾಪ ಹಾಕಿದ್ರೆ ನನ್ನ ಕೈಲಿ ಕೇಳೋಕಾಗಲ್ಲ."

"ಮದುವೆ?"

"ನಿನ್ನ ಕೈಯಿಂದ ನೀರು ಕುಡಿಯೋಕೂ ಹೆದರಿಕೆ ಆಗುತ್ತೆ ಸ್ಪಾಸ್. ಪ್ರೀತಿ ಎಲ್ಲೂ ಹೋಗಿಲ್ಲ. ಆದ್ರೆ ನೀನು ಬರ್ಬೇಡ."

ನಾನು ಆ ಹುಬ್ಬನ್ನೇ ನೋಡ್ತಾ ನಿಂತೆ. ಅಲುಗಲಿಲ್ಲ.

ಆರು ವರ್ಷ ಆ ಯಂತ್ರದಲ್ಲೇ ಇದ್ದು ತೀರ್ಕೊಂಡ್ಳು. ಅವಳಮ್ಮ ಹೋದ ತಿಂಗಳು ಹೋದ್ರು, ತೊಂಬತ್ತೊಂದಕ್ಕೆ. ಕೊನೇ ತನಕ "ನನ್ನ ಮಗಳು ಬೇಜವಾಬ್ದಾರಿ, ನನ್ನ ಕಿಡ್ನಿ ಹಾಳು ಮಾಡಿದ್ಳು" ಅಂತಲೇ ಬೈತಿದ್ರು. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದೀನಿ, ಬಾಯಿ ಬಿಟ್ಟಿಲ್ಲ. ಕೊಟ್ಟ ಮಾತು ಇವತ್ತಿಗೆ ತೀರಿತು.

ಇನ್ನು ನೀವು ಇದನ್ನ ಮುಂದಕ್ಕೆ ಕಳಿಸಿ. ಕಿಡ್ನಿ ಕಸಿಯಾದೋರ ಮನೆಗೆ ಮೊದಲು. ಮುದುಕನ ಹೆಸರು ತೆಗೆದ್ರೂ ಪರವಾಗಿಲ್ಲ, ಹೂವಿನ ಹೆಸರು ತೆಗೀಬೇಡಿ. "ಡಾಕ್ಟರಿಗೆ ಕೇಳ್ಲಾ?" ಅಂತ ಅವಳ ಹಾಗೆ ಯಾರಾದ್ರೂ ಕೇಳಿದ್ರೆ, ಕೇಳು ಅನ್ನಿ.